ಕೋಪೋ ಕಮಾರೊ: ನಂಬರ್ ಪ್ಲೇಟ್ ಸಿಗದ ಕಾರಿಗೆ ಇಷ್ಟು ದುಡ್ಡು ಕೊಡಬಹುದಾ?

ಕಮಾರೊ ಅಂದರೆ ಶೆವ್ರೊಲೆಯ ಸ್ಪೋರ್ಟ್ಸ್ ಕಾರು. ಅದರ ರೇಸ್ ರೂಪವಾಗಿ ಶೆವ್ರೊಲೆ 2012ರಲ್ಲಿ ಮತ್ತೆ ಶುರು ಮಾಡಿದ ಕೋಪೋ ಕಮಾರೊ ಬಗ್ಗೆ ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿದ್ದು, ಡ್ರ್ಯಾಗ್ ರೇಸ್‌ಗೆ (ನಿಂತಲ್ಲಿಂದ ನೇರ ದಾರಿಯಲ್ಲಿ ಓಡಿಸುವ ಸ್ವಲ್ಪ ದೂರದ ರೇಸ್) ಇಳಿಯುವ ಆಸೆ ನಿಜಕ್ಕೂ ಇದ್ದರೆ ಕೊಡಬಹುದು. ಸುಮ್ನೆ ಗ್ಯಾರೇಜಿನಲ್ಲಿ ಹೊದಿಕೆ ಹಾಕಿ ಇಡುವುದಕ್ಕಾದರೆ ಬೇಡ. ಇದನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಟ್ರ್ಯಾಕ್‌ವರೆಗೂ ಟ್ರೇಲರ್ ಮೇಲೇ ಒಯ್ಯಬೇಕು.

ಕಮಾರೊದಂಥ ಕಾರಿಗೆ 400 ಕ್ಯೂಬಿಕ್ ಇಂಚಿಗಿಂತ (ಸುಮಾರು 6.5 ಲೀಟರ್) ದೊಡ್ಡ ಇಂಜಿನ್ ಕೂರಿಸಬಾರದು ಅಂತ ಒಂದು ಕಾಲದಲ್ಲಿ ಶೆವ್ರೊಲೆಯ ಒಡೆಯ ಜಿಎಂ ಕಂಪನಿಯಲ್ಲೇ ನಿಯಮವಿತ್ತು. ಆದರೆ ಪೊಲೀಸ್ ಗಾಡಿ, ಟ್ಯಾಕ್ಸಿಗಳಂಥ ವಿಶೇಷ ಆರ್ಡರ್‌ಗಳಿಗೆ ಕೋಪೋ ಎಂಬ ಬೇರೆ ದಾರಿ ಇತ್ತಲ್ವಾ, ಇಲಿನಾಯ್‌ನ ಡೀಲರ್ ಫ್ರೆಡ್ ಗಿಬ್ ಅದನ್ನೇ ಹಿಡಿದು 1969ರ ಮಾಡೆಲ್‌ಗೆ 427 ಕ್ಯೂಬಿಕ್ ಇಂಚಿನ ಅಲ್ಯೂಮಿನಿಯಂ ಇಂಜಿನ್ ಇರುವ 50 ಕಾರಿಗೆ ಆರ್ಡರ್ ಕೊಟ್ಟರು. ಬೆಲೆ ಮಾಮೂಲಿ ಕಮಾರೊದ ಎರಡು ಪಟ್ಟಿಗಿಂತ ಜಾಸ್ತಿ. ಎಷ್ಟೋ ಕಾರು ಮಾರಾಟವಾಗದೆ ಕಂಪನಿಗೇ ವಾಪಸ್ ಹೋದವು. ಅಂಥವು ತಯಾರಾಗಿದ್ದೇ ಒಟ್ಟು 69. ಅದೇ ನೆನಪಿಗೆ 2012ರಲ್ಲೂ 69 ಮಾತ್ರ ಮಾಡಿದರು.

ನನಗೆ ತುಂಬಾ ಹಿಡಿಸಿದ್ದು ಹಿಂಭಾಗದ ಕೆಲಸ. ಶೋರೂಮ್ ಕಮಾರೊದಲ್ಲಿ ಹಿಂದಿನ ಎರಡು ಚಕ್ರಗಳಿಗೂ ಬೇರೆ ಬೇರೆ ಸಸ್ಪೆನ್ಷನ್ ಇತ್ತು, ರಸ್ತೆಗೆ ಅದೇ ಹಿತ. ಇಲ್ಲಿ ಅದನ್ನು ಪೂರ್ತಿ ಕಿತ್ತು ಗಟ್ಟಿಯಾದ ಒಂದೇ ಆಕ್ಸಲ್ ಹಾಕಿದ್ದಾರೆ, ಯಾಕೆಂದರೆ ಹಸಿರು ದೀಪ ಹತ್ತಿದ ಕ್ಷಣ ಬೀಳುವ ಹೊಡೆತ ತಡೆಯಬೇಕು. ಆ ಕ್ಷಣ ಹಿಂದಿನ ಟೈರನ್ನೇ ನೋಡಿ. ನುಣುಪಾದ ಅಗಲ ಟೈರಿನ ಪಕ್ಕದ ಗೋಡೆ ಹಿಂಡಿದ ಬಟ್ಟೆಯಂತೆ ಸುಕ್ಕುಗಟ್ಟುತ್ತದೆ, ಮೂತಿ ಮೇಲೇಳುತ್ತದೆ. ಒಳಗೆ ಹಿಂದಿನ ಸೀಟಿಲ್ಲ, ಕಾರು ಮಗುಚಿದರೆ ಚಾಲಕನನ್ನು ಕಾಯುವ ಕೊಳವೆಗಳ ಚೌಕಟ್ಟು, ಅಂದರೆ ರೋಲ್ ಕೇಜ್ ಇದೆ. ಲೈನ್ ಲಾಕ್ ಕೂಡ ಇದೆ, ಒತ್ತಿದರೆ ಮುಂದಿನ ಬ್ರೇಕ್ ಮಾತ್ರ ಹಿಡಿದುಕೊಳ್ಳುತ್ತದೆ, ಹಿಂದಿನ ಟೈರನ್ನು ನಿಂತಲ್ಲೇ ತಿರುಗಿಸಿ ಬಿಸಿ ಮಾಡಬಹುದು.

427 ಅಲ್ಲದೆ, ಸೂಪರ್‌ಚಾರ್ಜರ್ (ಇಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಸಾಧನ) ಇರುವ 327 ಇಂಜಿನ್ ಕೂಡ ಕೊಟ್ಟರು. ಹೊಸಬರಿಗೆ ನಾನು ಹೇಳುವುದು ಸಾದಾ 427. ಬೆಲ್ಟ್, ಬಿಸಿ ಅಂತ ತಲೆನೋವು ಕಡಿಮೆ.

ಬೆಲೆ ಶುರುವಾಗಿದ್ದೇ 80,000 ಡಾಲರ್‌ಗಿಂತ ಮೇಲೆ. ಜಾಸ್ತಿನೇ, ಆದರೆ ಮಾಮೂಲಿ ಕಾರು ಕೊಂಡು ಬಿಚ್ಚಿ, ಇಷ್ಟೆಲ್ಲ ಹೊಂದಿಸಿ, ರೇಸ್ ಕ್ಲಾಸಿನ ನಿಯಮಕ್ಕೆ ಕೂರಿಸುವ ಪಾಡು ಗೊತ್ತಿದ್ದವರಿಗೆ ಈ ದುಡ್ಡು ಹೊರೆ ಅನ್ನಿಸುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಬಣ್ಣಕ್ಕೆ ಮರುಳಾಗಬೇಡಿ. ಕಾಲು ಮೈಲಿ 10 ಸೆಕೆಂಡಿಗಿಂತ ಬೇಗ ಮುಗಿಸುವ ಕಾರಿಗೆ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಚಾಸಿ (ಕಾರಿನ ಚೌಕಟ್ಟು) ಸರ್ಟಿಫಿಕೇಟ್ ಕೇಳುತ್ತದೆ, ಅದನ್ನು 3 ವರ್ಷಕ್ಕೊಮ್ಮೆ ಮಾಡಿಸಬೇಕು. ರೋಲ್ ಕೇಜಿನ ಮೇಲೆ ಅದರ ಸ್ಟಿಕ್ಕರ್ ಇರುತ್ತದೆ, ಮೊದಲು ಅದರ ತಾರೀಖು ನೋಡಿ.