ಪ್ಲೇಟ್ ರೋಲಿಂಗ್ ಮಷಿನ್: ಪಿರಮಿಡ್ಡೋ, ಪಿಂಚೋ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಿಗೆ ಬರುವ ರೋಲಿಂಗ್ ಕೆಲಸ, ಅಂದರೆ ಕಬ್ಬಿಣದ ಪ್ಲೇಟನ್ನು ರೋಲರುಗಳ ನಡುವೆ ಹಾಯಿಸಿ ಗುಂಡಗೆ ಬಾಗಿಸುವುದು, ಬಹುಪಾಲು ಅಡಿಕೆ ಒಲೆಯ ಹೊಗೆ ಕೊಳವೆ, ಸ್ಲರಿ ಟ್ಯಾಂಕಿನ ಶೆಲ್ (ಗುಂಡನೆಯ ಮೈ), ನೀರಿನ ಡ್ರಮ್ಮು. ಅತಿ ದಪ್ಪ ಎಂದರೆ 6 ಎಂ.ಎಂ. ಪ್ಲೇಟು. ಮೂರು ರೋಲರಿನ ಮಷಿನ್ನಿನಲ್ಲಿ ಪಿರಮಿಡ್, ಪಿಂಚ್ ಎಂದು ಎರಡು ಬಗೆ; ಈ ಕೆಲಸಕ್ಕೆ ಪಿಂಚೇ ಸರಿ. ಪಿರಮಿಡ್ ಅಗ್ಗ, ರಿಪೇರಿಯೂ ಸುಲಭ, ಆದರೂ ಪಿಂಚೇ. ಎರಡರಲ್ಲೂ ಕೆಲಸ ಮಾಡಿ ನೋಡಿಯೇ ಈ ಮಾತು.

ಪಿರಮಿಡ್ಡಿನ ತಕರಾರು ಚಪ್ಪಟೆ ತುದಿ. ಕೆಳಗಿನ ಎರಡು ರೋಲರಿನ ನಡುವೆ ಮೇಲಿನದು ಒತ್ತುತ್ತದೆ. ಹಾಗಾಗಿ ಕೆಳರೋಲರುಗಳ ಸೆಂಟರ್ ಅಂತರದ ಸುಮಾರು ಅರ್ಧದಷ್ಟು ಪ್ಲೇಟು ಎರಡೂ ತುದಿಯಲ್ಲಿ ಬಾಗದೆ ಉಳಿಯುತ್ತದೆ. ಅಂತರ 240 ಎಂ.ಎಂ. ಇದ್ದರೆ ತುದಿಗೆ 120. ಹಾಗೇ ವೆಲ್ಡ್ ಮಾಡಿದರೆ ಜಾಯಿಂಟ್ ಮಾವಿನಕಾಯಿ ಮೂತಿಯಂತೆ ಎದ್ದು ನಿಲ್ಲುತ್ತದೆ, ಮುಚ್ಚಳ ಕೂರುವುದಿಲ್ಲ.

ಒಳವ್ಯಾಸ 600, ದಪ್ಪ 6 ಇದ್ದರೆ ಬೇಕಾದ ಉದ್ದ 3.1416 × 606 (ಒಳವ್ಯಾಸಕ್ಕೆ ದಪ್ಪ ಸೇರಿಸಿ), ಅಂದರೆ 1904 ಎಂ.ಎಂ. ತುದಿ ಕತ್ತರಿಸಿ ಎಸೆಯುವುದಾದರೆ 240 ಹೆಚ್ಚು ಇಡಬೇಕು. 1250 ಅಗಲದ ಪ್ಲೇಟಿನಲ್ಲಿ ಅದು 14 ಕೆ.ಜಿ. ಕಬ್ಬಿಣ, ಪ್ರತಿ ಶೆಲ್ಲಿಗೂ ಗುಜರಿಗೆ. ಬೇರೊಂದು ದಪ್ಪ ಪ್ಲೇಟನ್ನು ಮೊದಲೇ ಬಾಗಿಸಿ, ಕೆಲಸದ ಪ್ಲೇಟಿನ ಕೆಳಗೆ ಕೊಟ್ಟು ತುದಿ ಒತ್ತುವ ಉಪಾಯವೂ ಇದೆ. ಆದರೆ ಆಗ ಎರಡು ಪ್ಲೇಟಿನ ಭಾರ ರೋಲರಿನ ಮೇಲೆ ಬೀಳುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಗುಂಡಗೆ ಬರುವುದಿಲ್ಲ, ಹೊಡೆತದ ಗುರುತು ಉಳಿಯುತ್ತದೆ.

ಪಿಂಚ್‌ನಲ್ಲಿ ಮೇಲಿನ ಮತ್ತು ಕೆಳಗಿನ ರೋಲರು ಪ್ಲೇಟನ್ನು ಕಚ್ಚಿ ಹಿಡಿಯುತ್ತವೆ, ಹಿಂದಿನದು ಬಾಗಿಸುತ್ತದೆ. ಚಪ್ಪಟೆ ಉಳಿಯುವುದು ಸುಮಾರು ದಪ್ಪದ ಎರಡರಷ್ಟು, ಅಷ್ಟೇ. ಹಿಂದಿನ ರೋಲರನ್ನು ಎತ್ತಿ ಪ್ಲೇಟಿನ ಅಂಚನ್ನು ಅದಕ್ಕೆ ತಾಗಿಸಿದರೆ ಪ್ಲೇಟು ಓರೆಯಾಗದೆ ನೇರವೂ ಕೂರುತ್ತದೆ. ಒಂದು ತುದಿ ಬಾಗಿದ ಮೇಲೆ ಹೊರಗೆ ತೆಗೆದು ಇನ್ನೊಂದು ತುದಿಯನ್ನು ಒಳಗೆ ಕೊಡಬೇಕು. ಪ್ಲೇಟನ್ನು ಮಗುಚಬಾರದು, ಮಲಗಿದಂತೆಯೇ ಅರ್ಧ ಸುತ್ತು ತಿರುಗಿಸಬೇಕು, ಇಲ್ಲವಾದರೆ ಎರಡು ತುದಿ ಎರಡು ದಿಕ್ಕಿಗೆ ಬಾಗುತ್ತವೆ. ಮೇಲೆ ಲೆಕ್ಕ ಹಾಕಿದ 1904 × 1250 ಪ್ಲೇಟು 112 ಕೆ.ಜಿ. ತೂಗುತ್ತದೆ, ಆದ್ದರಿಂದ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಬೇಕೇ ಬೇಕು. ಎರಡನೇ ಸಲ ಓರೆ ಕೂತರೆ ಜಾಯಿಂಟಿನಲ್ಲಿ ಅಂಚು ಹಿಂದೆ ಮುಂದೆ ಆಗುತ್ತದೆ. ಅದಕ್ಕೇ ಕತ್ತರಿಸಿದ ತಕ್ಷಣ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಸಮ ಇವೆಯೇ ನೋಡಿ.

ನಾಲ್ಕು ರೋಲರಿನದು ಪ್ಲೇಟ್ ಹೊರತೆಗೆಯದೆಯೇ ಎರಡೂ ತುದಿ ಬಾಗಿಸುತ್ತದೆ. ಬೆಲೆ ನಮ್ಮ ಶೆಡ್ಡಿನ ಲೆಕ್ಕಕ್ಕೆ ಹೊಂದುವುದಿಲ್ಲ.

ಮಳೆಗಾಲದಲ್ಲಿ ಯಾವ ಮಷಿನ್ನಾದರೂ ಕೆಲಸ ಮುಗಿದ ಮೇಲೆ ರೋಲರಿಗೆ ಎಣ್ಣೆ ಸವರಲೇಬೇಕು.

ಕೊಳ್ಳುವಾಗ ರೋಲಿಂಗ್ ಸಾಮರ್ಥ್ಯ ಒಂದನ್ನೇ ನೋಡಬೇಡಿ, ತುದಿ ಬಾಗಿಸುವ ಸಾಮರ್ಥ್ಯವನ್ನು ಬೇರೆಯಾಗಿ ಕೇಳಿ. ಅದು ಸಾಮಾನ್ಯವಾಗಿ ಕಡಿಮೆ. 6 ಎಂ.ಎಂ. ತುದಿ ಬಾಗಿಸಬೇಕಾದರೆ 8 ಎಂ.ಎಂ. ರೋಲಿಂಗ್ ಮಷಿನ್ ನೋಡುವುದು ಕ್ಷೇಮ. ಸ್ಟೇನ್‌ಲೆಸ್ ಸ್ಟೀಲಿಗೆ ಇನ್ನೂ ಕಡಿಮೆ ದಪ್ಪ ಲೆಕ್ಕ ಹಾಕಿ. ಮೇಲಿನ ರೋಲರಿನ ಒಂದು ಕೊನೆ ಬಿಚ್ಚಿಕೊಳ್ಳುವಂತಿರಲಿ, ಮುಚ್ಚಿದ ಶೆಲ್ ಹೊರಗೆ ಬರುವುದು ಅಲ್ಲಿಂದಲೇ.