ಮನೆ ಪ್ಲಾನ್‌ಗೆ ಓಕೆ ಅನ್ನೋ ಮುಂಚೆ ಇದನ್ನ ಓದಿ, ನಮ್ಗಾಗಿದ್ದು ನಿಮ್ಗಾಗೋದು ಬೇಡ

ದಾವಣಗೆರೇಲಿ ನಮ್ದು 30x40 ಸೈಟು, ರೋಡು ಪಶ್ಚಿಮಕ್ಕೆ. ಹೆಂಗೂ ಸಾಲ ಮಾಡಿ ಕಟ್ಟಿಸ್ತಿದೀವಿ, ಕರೆಂಟ್ ಬಿಲ್ಲಾದ್ರೂ ಕಮ್ಮಿ ಬರ್ಲಿ, ಬೇಸಿಗೇಲಿ ಎಸಿ ಇಲ್ದೆ ಮಲಗೋ ಹಂಗಿರ್ಲಿ ಅಂತ "ಎನರ್ಜಿ ಎಫಿಶಿಯೆಂಟ್ ಮನೆ ಕಟ್ಕೊಡ್ತೀವಿ" ಅಂದ ಡಿಸೈನರ್ ಒಬ್ರ ಹತ್ರ ಹೋದ್ವಿ. ಹೆಸ್ರು ಬೇಡ. 3ಡಿ ತೋರ್ಸಿದ್ರು, ಮುಂದುಗಡೆ ಪೂರ್ತಿ ಗ್ಲಾಸು, ಮೇಲೆ ಸೋಲಾರು. ಮನೆಯವ್ರೆಲ್ಲ ಖುಷಿಯಾಗಿ ಅವತ್ತೇ ಅಡ್ವಾನ್ಸ್ ಕೊಟ್ಬಿಟ್ವಿ. ಬಿಸಿಲು ಯಾವ ಕಡೆಯಿಂದ ಬೀಳತ್ತೆ ಅಂತ ಅವ್ರೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ.

ಈಗ ಏಪ್ರಿಲ್ಲಲ್ಲಿ ರಾತ್ರಿ 10 ಗಂಟೆಗೆ ಬೆಡ್‌ರೂಮಿನ ಪಶ್ಚಿಮದ ಗೋಡೆ ಮುಟ್ಟಿದ್ರೆ ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಹೆಂಚಿನ ಥರ ಇರತ್ತೆ. ಅಮ್ಮ ಚಾಪೆ ತಗೊಂಡು ಹಾಲ್‌ಗೆ ಬಂದು ಮಲಗ್ತಾರೆ. ಡಿಸೈನರ್ "2 ಅಡಿ ಸಜ್ಜಾ ಇದೆಯಲ್ಲ ಸರ್" ಅಂದಿದ್ರು. ದಕ್ಷಿಣದ ಕಿಟಕಿಗೆ ಅಷ್ಟು ಸಾಕು, ಅಲ್ಲಿ ಸೂರ್ಯ ಎತ್ತರದಲ್ಲಿರ್ತಾನೆ. ಪಶ್ಚಿಮಕ್ಕೆ ಹಂಗಲ್ಲ, 4 ಗಂಟೆ ಮೇಲೆ ಬಿಸಿಲು ಓರೆಯಾಗಿ ಸಜ್ಜಾ ಕೆಳಗಿಂದ್ಲೇ ಒಳಗೆ ನುಗ್ಗತ್ತೆ, ಗ್ಲಾಸ್ ಹಾಕಿದ್ರೆ ಮುಗೀತು. ಆ ಕಡೆ ಮೆಟ್ಟಿಲು, ಬಾತ್‌ರೂಮು, ಸ್ಟೋರು ಇಟ್ಟು ಮಲಗೋ ಕೋಣೆ ಪೂರ್ವಕ್ಕೆ ತಂದಿದ್ರೆ ಒಂದು ರೂಪಾಯೀನೂ ಜಾಸ್ತಿ ಆಗ್ತಿರ್ಲಿಲ್ಲ, ಪೇಪರ್ ಮೇಲೆ ಗೆರೆ ಬದಲಾಯಿಸಿದ್ರೆ ಸಾಕಿತ್ತು.

ಗೋಡೆದೂ ಅದೇ ಕಥೆ. ಬಾಯಲ್ಲಿ ಎಎಸಿ ಬ್ಲಾಕ್ (ಒಳಗೆಲ್ಲ ಗಾಳಿಗುಳ್ಳೆ ಇರೋ ಹಗುರ ಬ್ಲಾಕು) ಅಂದಿದ್ರು, ಕೊಟೇಶನ್ನಲ್ಲಿ "ಸ್ಟ್ಯಾಂಡರ್ಡ್ ಬ್ಲಾಕ್" ಅಂತ ಬರೆದಿತ್ತು, ಬಂದಿಳಿದಿದ್ದು 6 ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕು. ಎಎಸಿಗೆ ಹೋಲಿಸಿದ್ರೆ ಅದು ಶಾಖಾನ ತುಂಬಾ ಸುಲಭವಾಗಿ ಒಳಗೆ ಬಿಡತ್ತೆ. ಕೇಳಿದ್ರೆ ಕೊಟೇಶನ್ ತೋರ್ಸಿದ್ರು. ಯಾವ ಗೋಡೆಗೆ ಯಾವ ಬ್ಲಾಕು, ಎಷ್ಟು ಇಂಚು, ತಾರಸಿ ಮೇಲೆ ಏನು ಹಾಕ್ತಾರೆ ಅನ್ನೋದು ಅಗ್ರಿಮೆಂಟಲ್ಲಿ ಬರೋವರ್ಗೂ ದಯವಿಟ್ಟು ದುಡ್ಡು ಕೊಡ್ಬೇಡಿ.

ನನಗೆ ಜಾಸ್ತಿ ಹೊಟ್ಟೆ ಉರಿಯೋದು ಸೋಲಾರಿಂದು. ವಾಸ್ತು ಪ್ರಕಾರ ಭಾರ ನೈಋತ್ಯಕ್ಕೆ ಅಂತ ನೀರಿನ ಟ್ಯಾಂಕು, ಮೆಟ್ಟಿಲಿನ ಹೆಡ್‌ರೂಮು ಎರಡೂ ಆ ಮೂಲೇಲಿ ಬಂತು, ಪ್ಯಾನೆಲ್ ಅದರ ಹಿಂದೆ. ಡಿಸೆಂಬರಲ್ಲಿ ಮಧ್ಯಾಹ್ನದ ಮೇಲೆ ಸೂರ್ಯ ಅದೇ ನೈಋತ್ಯದಲ್ಲಿ ಇರ್ತಾನೆ, ನೆರಳು ಸೀದಾ ಪ್ಯಾನೆಲ್ ಮೇಲೆ. ಒಂದು ಪ್ಯಾನೆಲ್‌ಗೆ ನೆರಳು ಬಿದ್ರೆ ಅದ್ರ ಜೊತೆ ಒಂದೇ ಲೈನಲ್ಲಿ ಜೋಡಿಸಿರೋ ಪ್ಯಾನೆಲ್‌ಗಳದ್ದೂ ಕರೆಂಟ್ ಕಮ್ಮಿಯಾಗತ್ತೆ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. 1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು, 3 ಕಿಲೋವ್ಯಾಟ್‌ಗೆ 300. ವಾಸ್ತು ಬಿಡಿ ಅಂತ ನಾನು ಹೇಳಲ್ಲ, ನಮ್ಮನೇಲೂ ಬಿಡಲ್ಲ. ಆದ್ರೆ ಟ್ಯಾಂಕ್ ಅಲ್ಲೇ ಇರ್ಲೇಬೇಕು ಅಂದ್ರೆ ಪ್ಯಾನೆಲ್ಲನ್ನ ಹೆಡ್‌ರೂಮಿಗಿಂತ ಮೇಲೆ ಎತ್ತರಿಸಿ ಸ್ಟ್ರಕ್ಚರ್ ಮಾಡ್ಬೇಕು, ಅದ್ರ ಖರ್ಚು ಮೊದ್ಲೇ ಲೆಕ್ಕದಲ್ಲಿರ್ಬೇಕು.

ಸಬ್ಸಿಡಿ ನಾವೇ ಮಾಡಿಸ್ಕೊಡ್ತೀವಿ ಅಂತಾನೂ ಅಂದಿದ್ರು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೇಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಇದೆ, ಆದ್ರೆ ನಮ್ಮ ದೇಶದಲ್ಲೇ ತಯಾರಾದ ಸೆಲ್ ಇರೋ ಡಿಸಿಆರ್ ಪ್ಯಾನೆಲ್‌ಗೆ ಮಾತ್ರ. ನಮಗೆ ಹಾಕಿದ್ದು ಬೇರೆ. ಸಬ್ಸಿಡಿ ಹೋಯ್ತು. ಬಿಲ್ಲಲ್ಲಿ ಡಿಸಿಆರ್ ಅಂತ ಇದೆಯಾ ನೋಡ್ಕೊಳ್ಳಿ.

ಇನ್ನೊಂದು, ಮೋಲ್ಡ್ ಹಾಕೋ ಮುಂಚೆನೇ ತಾರಸಿಯಿಂದ ಮೀಟರ್ ಬೋರ್ಡ್‌ವರೆಗೆ ಖಾಲಿ ಪೈಪ್ ಬಿಡ್ಸಿ. ನಾವು ಬಿಡ್ಸಿಲ್ಲ, ಹೊಸ ಪೇಂಟ್ ಮೇಲೆ ವೈರು ಇಳಿಬಿದ್ದಿದೆ.

ಹೋದ ವಾರ ನಮ್ಮ ಭಾವ ಅವ್ರ ಸೈಟಿನ ಪ್ಲಾನ್ ತಂದು ಹೆಂಗಿದೆ ನೋಡು ಅಂದ್ರು. ಅವ್ರನ್ನ ಮೊದ್ಲು ಸಂಜೆ 5 ಗಂಟೆಗೆ ನಮ್ಮ ಬೆಡ್‌ರೂಮಲ್ಲಿ ಹತ್ತು ನಿಮಿಷ ಕೂರಿಸ್ದೆ. ಎದ್ದವ್ರೇ ಡ್ರಾಯಿಂಗ್ ವಾಪಸ್ ಕೊಡ್ತೀನಿ, ಬೆಡ್‌ರೂಮ್ ಜಾಗ ಬದಲಾಯಿಸ್ಬೇಕು ಅಂತ ಫೋನ್ ಮಾಡಿದ್ರು. ಈ ಕಡೆ ಯಾರಾದ್ರೂ ಪ್ಲಾನ್ ಹಾಕಿಸ್ತಿದ್ರೆ ನೀವೂ ಬಂದು ನೋಡಿ, ಮೆಸೇಜ್ ಹಾಕಿ ಸಾಕು.