ನಾಲ್ಕು ಬಣ್ಣದ ಮುದ್ರಣವೋ, ಸ್ಪಾಟ್ ಬಣ್ಣವೋ?

ಛಾಯಾಚಿತ್ರಗಳೇ ಹೆಚ್ಚಿರುವ ಕೆಲಸಕ್ಕೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಮುದ್ರಣವೇ ಸರಿ. ಆದರೆ ಲಾಂಛನದ ಬಣ್ಣ ಪ್ರತಿ ಸಲವೂ ಒಂದೇ ರೀತಿ ಬರಬೇಕೆಂದಾದರೆ, ಮೊದಲೇ ಬೆರೆಸಿಟ್ಟ ಸ್ಪಾಟ್ ಶಾಯಿಯನ್ನು, ಅಂದರೆ 1963ರಲ್ಲಿ ಬಂದ ಪ್ಯಾಂಟೋನ್ ಪದ್ಧತಿಯಲ್ಲಿರುವಂತೆ ಸಂಖ್ಯೆಯಿಂದ ಗುರುತಿಸುವ ಬಣ್ಣವನ್ನು ಆರಿಸುವುದು ಉತ್ತಮ. ಭೂತಗನ್ನಡಿ ಹಿಡಿದು ನೋಡಿದರೆ, ನಾಲ್ಕು ಬಣ್ಣದ ಕಿತ್ತಳೆಯಲ್ಲಿ ಹಳದಿ ಮತ್ತು ಮಜೆಂಟಾ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಸ್ಪಾಟ್ ಕಿತ್ತಳೆ ಒಂದೇ ಸಮನಾದ ಪದರವಾಗಿ ಕೂತಿರುತ್ತದೆ. ಪ್ಲೇಟುಗಳು, ಅಂದರೆ ಪ್ರತಿ ಶಾಯಿಗೂ ಒಂದರಂತೆ ಇರುವ ಅಚ್ಚಿನ ಫಲಕಗಳು, ಕೂದಲೆಳೆಯಷ್ಟು ಜರುಗಿದರೂ ನಾಲ್ಕು ಬಣ್ಣದ ಮುದ್ರಣದಲ್ಲಿ ಮಿಶ್ರ ಬಣ್ಣದ ಸಣ್ಣ ಅಕ್ಷರಗಳ ಅಂಚು ಕೆಡುವುದು ಹೀಗೆ ಬಿಡಿ ಚುಕ್ಕೆಗಳಿಂದ ಬಣ್ಣ ಮೂಡುವುದರಿಂದಲೇ. ಸ್ಪಾಟ್ ಬಣ್ಣವನ್ನು ಐದನೆಯದಾಗಿ ಸೇರಿಸಿದರೆ ಪ್ಲೇಟಿನ ಖರ್ಚು ಏರುತ್ತದೆ. ಯಾವುದನ್ನು ಆರಿಸಿದರೂ, ಅದೇ ಶಾಯಿ ಲೇಪನವಿರುವ ಕಾಗದದಲ್ಲಿ ಹೊಳೆದು, ಲೇಪನವಿಲ್ಲದ ಕಾಗದದಲ್ಲಿ ಮಂಕಾಗುವುದರಿಂದ, ಕಂಪ್ಯೂಟರ್ ಪರದೆಯನ್ನು ನಂಬದೆ ಅಚ್ಚಾಗಲಿರುವ ಕಾಗದದ ಮೇಲೆಯೇ ಪ್ರೂಫ್ (ಪರೀಕ್ಷಾ ಮುದ್ರಣ) ತೆಗೆಸಿ ನೋಡಬೇಕೆಂದು ಒತ್ತಿ ಹೇಳುತ್ತೇನೆ.